ಏರ್‌ಕೂಲ್ಡ್ 911 ಕೊಳ್ಳಲೇ, ಹೊಸ ಪೋರ್ಶೆ ಕೊಳ್ಳಲೇ? ಓಡಿಸಿ ಬಲ್ಲವರ ಅಭಿಪ್ರಾಯ ಬೇಕು

ನೆಕ್ಕರ್‌ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ನಿಮಿತ್ತ ಬೆಂಗಳೂರಿನಿಂದ ಬಂದು ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದವನು. ಪೋರ್ಶೆ ಕಾರ್ಖಾನೆಯಿರುವ ಝುಫನ್‌ಹೌಸನ್ ನನ್ನ ಮನೆಗೆ ದೂರವೇನಲ್ಲ, ಹೀಗಾಗಿ ಆ ಕಂಪನಿಯ ಹಳೆಯ ಮತ್ತು ಹೊಸ 911 ಸ್ಪೋರ್ಟ್ಸ್ ಕಾರುಗಳನ್ನು ಒಂದೇ ರಸ್ತೆಯಲ್ಲಿ ಹಿಂದುಮುಂದಾಗಿ ನೋಡುವುದು ಇಲ್ಲಿ ನಿತ್ಯದ ಸಂಗತಿ. ಮನೆಯ ಅಗತ್ಯಕ್ಕೆ ಬೇರೆ ಕಾರು ಇರುವುದರಿಂದ, ಓಡಿಸುವ ಸಂತೋಷವೊಂದಕ್ಕಾಗಿಯೇ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವ ಬಹುಕಾಲದ ಆಸೆ ಈಗ ಕೈಗೂಡುವ ಹಂತಕ್ಕೆ ಬಂದಿದೆ.

ನನ್ನ ಮುಂದೆ ಮೂರು ಆಯ್ಕೆಗಳಿವೆ. ಮೊದಲನೆಯದು 1987ರಿಂದ 1989ರವರೆಗಿನ ಮಾದರಿಯ, ಜಿ50 ಗೇರ್‌ಬಾಕ್ಸ್ ಇರುವ 911 ಕರೆರಾ 3.2, ಅಂದರೆ ಎಂಜಿನನ್ನು ನೀರಿನ ಬದಲು ಗಾಳಿಯಿಂದಲೇ ತಂಪಾಗಿಸುವ ಏರ್‌ಕೂಲ್ಡ್ ಕಾರು. ಎರಡನೆಯದು 4.0 ಲೀಟರ್ ಎಂಜಿನಿನ 718 ಕೇಮನ್ ಜಿಟಿಎಸ್. ಅದು ಯುರೋಪಿನಲ್ಲಿ ಹೊಸದಾಗಿ ಸಿಗುವುದು 2024ರಲ್ಲೇ ನಿಂತುಹೋದದ್ದರಿಂದ ಬಳಸಿದ್ದನ್ನೇ ಹುಡುಕಬೇಕು. ಮೂರನೆಯದು 911ರ ಹೊಸ ಪೀಳಿಗೆಯಾದ 992ರ ಕರೆರಾ, ಅದಕ್ಕೆ ಇನ್ನಷ್ಟು ಹಣ ಕೂಡಿಸಬೇಕಾಗುತ್ತದೆ.

ಸಹೋದ್ಯೋಗಿಯೊಬ್ಬರ 3.2 ಕಾರನ್ನು ಶ್ವಾಬಿಯನ್ ಆಲ್ಬ್ ಬೆಟ್ಟಸಾಲಿನ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದ್ದೇನೆ. 992 ಅನ್ನು ವಾರಾಂತ್ಯಕ್ಕೆ ಬಾಡಿಗೆಗೆ ಪಡೆದು ಬಿ500 ರಸ್ತೆಯಲ್ಲಿ, ಅಂದರೆ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟಿನ ನೆತ್ತಿಯ ಮೇಲೆ ಸಾಗುವ ಹೆದ್ದಾರಿಯಲ್ಲಿ ಓಡಿಸಿದ್ದೇನೆ. ಅಳೆದು ಹೇಳಬಹುದಾದ ಎಲ್ಲದರಲ್ಲಿಯೂ ಹೊಸದೇ ಮುಂದಿದೆ: ಹಳೆಯದಕ್ಕೆ 231 ಅಶ್ವಶಕ್ತಿಯಾದರೆ ಹೊಸದಕ್ಕೆ 385, ಬ್ರೇಕು, ಹಿಡಿತ, ವೇಗ ಯಾವುದರಲ್ಲಿಯೂ ಹೋಲಿಕೆಯೇ ಇಲ್ಲ. ಆದರೂ ಹಳೆಯ ಕಾರಿನಲ್ಲಿ 80 ಕಿ.ಮೀ ವೇಗದಲ್ಲಿ ಒಂದು ತಿರುವು ದಾಟಿದಾಗ ನನ್ನ ಪೂರ್ಣ ಗಮನ ಅಲ್ಲೇ ನೆಟ್ಟಿತ್ತು. ಹೊಸದರಲ್ಲಿ ಅದೇ ವೇಗದಲ್ಲಿ ಅಂಥದೇ ತಿರುವು ದಾಟಿದ್ದು ಗಮನಕ್ಕೇ ಬರಲಿಲ್ಲ.

ನಾನು ತಿಳಿಯಬೇಕಾದದ್ದು ಇಷ್ಟು. ಹಳೆಯ ಕಾರಿನ ಅನುಭವ ಗಾಢವೆನಿಸಿದ್ದಕ್ಕೆ ಯಾಂತ್ರಿಕವಾದ ಕಾರಣಗಳಿವೆಯೇ, ಅಥವಾ ಅದರ ಮೇಲಿನ ಅಭಿಮಾನವೇ ಹಾಗೆ ಅನ್ನಿಸುವಂತೆ ಮಾಡಿತೇ? ಕಾರಣಗಳಿವೆ ಎಂದಾದರೆ, ಅವು ವರ್ಷಗಳು ಕಳೆದ ಮೇಲೂ ಸಂತೋಷ ಕೊಡುತ್ತವೆಯೇ, ಇಲ್ಲವೇ ಹೊಸತನ ಮಾಸಿದಂತೆ ಬರಿಯ ಅನಾನುಕೂಲವಾಗಿ ಉಳಿಯುತ್ತವೆಯೇ? ಭಾನುವಾರದ ಬೆಳಗಿನ ಓಡಾಟ, ಬೇಸಿಗೆಯಲ್ಲಿ ಆಲ್ಪ್ಸ್ ಕಡೆಗೆ ಒಂದೆರಡು ಪ್ರವಾಸ, ಕೆಲವೊಮ್ಮೆ ಪಕ್ಕದ ಆಸನದಲ್ಲಿ ಹದಿಹರೆಯದ ಮಗಳು, ಇಷ್ಟೇ ನನ್ನ ಬಳಕೆ.

ಹಳೆಗೇರು:

ನೆಕ್ಕರ್‌ತೀರ ಅವರೇ, ನನ್ನ ಬಳಿ 3.2 ಕರೆರಾ ಹಲವು ವರ್ಷಗಳಿಂದ ಇದೆ. ನನ್ನದು 1987ಕ್ಕಿಂತ ಹಿಂದಿನದು, ಅಂದರೆ 915 ಗೇರ್‌ಬಾಕ್ಸ್ ಇರುವಂಥದು. ನೀವು ಅನುಭವಿಸಿದ್ದು ಭ್ರಮೆಯಲ್ಲ. ಅದು ಮೊದಲ ಭೇಟಿಯ ಬೆರಗೂ ಅಲ್ಲ, ಏಕೆಂದರೆ ನನಗೆ ಅದು ಈಗಲೂ ಹಾಗೆಯೇ ಇದೆ.

ಕಾರಿನೊಳಗೆ ಕುಳಿತ ಕೂಡಲೇ ಇದು ಬೇರೆ ಜಾತಿಯ ಯಂತ್ರವೆಂದು ದೇಹಕ್ಕೆ ಗೊತ್ತಾಗುತ್ತದೆ. ಪೆಡಲುಗಳು ಮೇಲಿನಿಂದ ಇಳಿಬಿದ್ದಿಲ್ಲ, ನೆಲದಿಂದ ಎದ್ದು ನಿಂತಿವೆ. ಪಾದವನ್ನು ಒತ್ತುವ ಕೋನವೇ ಬೇರೆ. ಗಾಜು ನೆಟ್ಟಗೆ ಹತ್ತಿರದಲ್ಲಿದೆ, ಕಂಬಗಳು ತೆಳ್ಳಗಿವೆ, ಎರಡೂ ಮುಂದೀಪಗಳ ಉಬ್ಬು ಕಣ್ಣೆದುರೇ ಕಾಣುವುದರಿಂದ ಮುಂದಿನ ಗಾಲಿಗಳು ಎಲ್ಲಿವೆಯೆಂದು ಊಹಿಸಬೇಕಾಗಿಲ್ಲ. ಕಾರಿನ ಅಗಲ 1652 ಮಿ.ಮೀ ಮಾತ್ರ. ನೀವು ಓಡಿಸಿದ 992ರ ಅಗಲ, ಕನ್ನಡಿಗಳನ್ನು ಬಿಟ್ಟು, 1852 ಮಿ.ಮೀ. ಈ 20 ಸೆಂ.ಮೀ ವ್ಯತ್ಯಾಸ ಹೆದ್ದಾರಿಯಲ್ಲಿ ಏನೂ ಅಲ್ಲ, ಆದರೆ ಆಲ್ಬ್ ಬೆಟ್ಟದ ಕಿರಿದಾದ ರಸ್ತೆಯಲ್ಲಿ ಅದೇ ಎಲ್ಲವೂ ಆಗುತ್ತದೆ. ನನ್ನ ಕಾರಿಗೆ ಸಾಲಿನೊಳಗೆ ಎಡಕ್ಕೋ ಬಲಕ್ಕೋ ಸರಿದು ತಿರುವಿಗೆ ಬೇಕಾದ ದಾರಿಯನ್ನು ಆರಿಸಿಕೊಳ್ಳುವ ಅವಕಾಶವಿದೆ. 992 ಸಾಲನ್ನು ತುಂಬಿಕೊಂಡು ನಿಲ್ಲುತ್ತದೆ.

ಬೆಳಗ್ಗೆ ಎಂಜಿನು ಹಚ್ಚಿದ ಮೇಲೆ ಅವಸರ ಸಲ್ಲದು. ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ವ್ಯವಸ್ಥೆಯಲ್ಲಿ ಸುಮಾರು 13 ಲೀಟರ್ ಆಯಿಲ್ ಇರುತ್ತದೆ, ಅದು ಬಿಸಿಯಾಗುವವರೆಗೆ ಎಂಜಿನಿನಿಂದ ಹೆಚ್ಚು ಕೇಳಬಾರದು. ಗೇರ್‌ಬಾಕ್ಸು ಅದಕ್ಕಿಂತಲೂ ತಡವಾಗಿ ಬೆಚ್ಚಗಾಗುತ್ತದೆ. 915ರಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು, ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊ ತನ್ನ ಕೆಲಸ ಮುಗಿಸಲು ಬಿಟ್ಟು, ಆಮೇಲೆ ಕೈ ಮುಂದುವರಿಸಬೇಕು. ಬಲವಂತ ಮಾಡಿದರೆ ಕರಕರ ಸದ್ದು ಕೇಳಿಸುತ್ತದೆ. ನೀವು ನೋಡುತ್ತಿರುವ ಜಿ50 ಈ ವಿಷಯದಲ್ಲಿ ಬಹಳ ಸುಲಭ, ಅದರ ಕ್ಲಚ್ಚು ಕೂಡ ಕೇಬಲ್ಲಿನ ಬದಲು ಹೈಡ್ರಾಲಿಕ್. ಮೊದಲ ಹಳೆಯ ಕಾರಾಗಿ ನೀವು ಜಿ50 ಹುಡುಕುತ್ತಿರುವುದು ಸರಿಯಾದ ತೀರ್ಮಾನ. ಆದರೂ 915ರ ಗೇರು ಸರಿಯಾದ ಲಯದಲ್ಲಿ ಬಿದ್ದಾಗ ಅಂಗೈಗೆ ಆಗುವ ತೃಪ್ತಿಯನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ.

ಇನ್ನು ತಿರುವುಗಳು. ಎಂಜಿನು ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗುತ್ತಿರುವುದರಿಂದ ಕಾರಿನ ಸುಮಾರು ಶೇಕಡಾ 60ರಷ್ಟು ತೂಕ ಹಿಂದಿನ ಗಾಲಿಗಳ ಮೇಲಿದೆ, ಮುಂಭಾಗ ಹಗುರ. ಆದ್ದರಿಂದ ತಿರುವಿಗೆ ಮುಂಚೆ, ಕಾರು ಇನ್ನೂ ನೆಟ್ಟಗಿರುವಾಗಲೇ ಬ್ರೇಕು ಹಿಡಿದು ಮುಗಿಸಬೇಕು. ಬ್ರೇಕಿನಿಂದ ಕಾಲು ತೆಗೆಯುವ ಕೊನೆಯ ಗಳಿಗೆಯಲ್ಲಿ, ತೂಕ ಇನ್ನೂ ಮುಂದಿನ ಟಯರುಗಳ ಮೇಲಿರುವಾಗ ಸ್ಟೇರಿಂಗ್ ತಿರುಗಿಸಿದರೆ ಮೂತಿ ವಿಧೇಯವಾಗಿ ಒಳಕ್ಕೆ ಬರುತ್ತದೆ. ಆಮೇಲೆ ಬೇಗನೆ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಕುಳಿತುಕೊಂಡು, ಆ ತೂಕವೇ ಹಿಡಿತವಾಗಿ, ತಿರುವಿನಿಂದ ಹೊರಬರುವ ಜೋರು ಬೆನ್ನಿಗೆ ತಿಳಿಯುತ್ತದೆ. ನಡುವೆ ಹೆದರಿ ಕಾಲು ತೆಗೆದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಯಾವ ಎಲೆಕ್ಟ್ರಾನಿಕ್ ನೆರವೂ ಇಲ್ಲ. ಬ್ರೇಕಿಗೆ ಬೂಸ್ಟರ್ ಇದೆ, ಎಬಿಎಸ್ ಇಲ್ಲ. ಏರ್‌ಬ್ಯಾಗೂ ಇಲ್ಲ.

ಒಂದು ತಿರುವನ್ನು ಸರಿಯಾಗಿ ದಾಟಿದೆನೋ ಇಲ್ಲವೋ ಎಂಬುದು ಈ ಕಾರಿನಲ್ಲಿ ನನಗೆ ಪ್ರತಿ ಸಲವೂ ತಿಳಿಯುತ್ತದೆ, ಅದೂ ಪೊಲೀಸರು ಆಕ್ಷೇಪಿಸದ ವೇಗದಲ್ಲಿ. ವರ್ಷಗಳು ಕಳೆದರೂ ಬೇಸರ ಬಾರದಿರುವುದಕ್ಕೆ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ವಕ್ರಪಥ:

ವಾಹನಗಳ ಚಾಸಿ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ, ಯಾಂತ್ರಿಕ ಕಾರಣವಿದೆಯೇ ಎಂಬ ನಿಮ್ಮ ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಖಂಡಿತ ಇದೆ, ಮತ್ತು ಅದರ ಬಹುಪಾಲು ಮುಂದಿನ ಟಯರು ಮತ್ತು ನಿಮ್ಮ ಅಂಗೈಗಳ ನಡುವೆಯೇ ಇದೆ.

ತಿರುವಿನಲ್ಲಿ ಟಯರು ರಸ್ತೆಗೆ ಒತ್ತಿಕೊಂಡಿರುವ ಜಾಗದಲ್ಲಿ ಪಕ್ಕಕ್ಕೆ ತಳ್ಳುವ ಬಲ ಹುಟ್ಟುತ್ತದೆ. ಆ ಬಲ ಕೆಲಸ ಮಾಡುವ ಬಿಂದು ಆ ಜಾಗದ ನಟ್ಟನಡುವೆ ಇರದೆ ತುಸು ಹಿಂದಕ್ಕೆ ಇರುತ್ತದೆ, ಆ ಅಂತರದಿಂದಾಗಿ ಗಾಲಿ ತಾನಾಗಿಯೇ ನೇರವಾಗಲು ಎಳೆಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ನಿಮ್ಮ ಕೈಗೆ ತಿಳಿಯುವ ಭಾರ ಮುಖ್ಯವಾಗಿ ಇದೇ. ಈಗ ಹಿಡಿತದ ಮಿತಿ ಸಮೀಪಿಸಿತು ಎಂದುಕೊಳ್ಳಿ. ಟಯರು ರಸ್ತೆಯನ್ನು ತಾಕುವ ಜಾಗದ ಹಿಂಭಾಗ ಮೊದಲು ಜಾರತೊಡಗುತ್ತದೆ, ಬಲದ ಬಿಂದು ಮುಂದಕ್ಕೆ ಸರಿಯುತ್ತದೆ, ಅಂತರ ಕಿರಿದಾಗುತ್ತದೆ. ಪಕ್ಕಬಲ ಇನ್ನೂ ಏರುತ್ತಿರುವಾಗಲೇ ಸ್ಟೇರಿಂಗ್ ಕೈಯಲ್ಲಿ ಹಗುರವಾಗುತ್ತದೆ. ಅಂದರೆ, ಹಿಡಿತ ತಪ್ಪುವ ಮೊದಲೇ, ತಪ್ಪಲಿದೆ ಎಂಬ ಸೂಚನೆ ಕೈಗೆ ತಲುಪಿರುತ್ತದೆ. ಹಳೆಯ 911ರಲ್ಲಿ ಮುಂಭಾಗದ ತೂಕ ಕಡಿಮೆಯಿದ್ದುದರಿಂದ ಪವರ್ ಸ್ಟೇರಿಂಗಿನ ಅಗತ್ಯವೇ ಬೀಳಲಿಲ್ಲ, ಸರಳವಾದ ರ್‍ಯಾಕ್ ಮತ್ತು ಪಿನಿಯನ್ ಮೂಲಕ ಈ ಸೂಚನೆ ಸೋಸದೆ ಮೇಲೆ ಬರುತ್ತದೆ. ರಸ್ತೆಯ ಉಬ್ಬುತಗ್ಗುಗಳೂ ಜೊತೆಗೆ ಬರುತ್ತವೆ. ಸ್ಟೇರಿಂಗ್ ಚಕ್ರ ಸದಾ ಸಣ್ಣಗೆ ಕದಲುತ್ತಿರುವುದು ಅದಕ್ಕಾಗಿಯೇ. ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಲು ಹೋಗದೆ ಹಗುರವಾಗಿ ಹಿಡಿದುಕೊಳ್ಳುವುದನ್ನು ಕಲಿಯಬೇಕು.

ಪವರ್ ಸ್ಟೇರಿಂಗ್ 911ಕ್ಕೆ ಬಂದದ್ದು 1989ರ 964 ಪೀಳಿಗೆಯೊಂದಿಗೆ. ಅದು ಹೈಡ್ರಾಲಿಕ್ ಆಗಿತ್ತು, 993, 996, 997 ಪೀಳಿಗೆಗಳಲ್ಲೂ ಹಾಗೆಯೇ ಮುಂದುವರಿಯಿತು. 2011ರಲ್ಲಿ 991 ಬಂದಾಗ ವಿದ್ಯುತ್ ಮೋಟಾರಿನ ನೆರವಿಗೆ ಬದಲಾಯಿತು. ಮೋಟಾರು ತನ್ನದೇ ಜಡತ್ವವನ್ನೂ ಘರ್ಷಣೆಯನ್ನೂ ತರುತ್ತದೆ, ಎಷ್ಟು ನೆರವು ಕೊಡಬೇಕೆಂಬುದನ್ನು ಸಾಫ್ಟ್‌ವೇರು ಲೆಕ್ಕಹಾಕುತ್ತದೆ, ಸಣ್ಣ ಕಂಪನಗಳನ್ನು ಬೇಕೆಂದೇ ಅಡಗಿಸಲಾಗುತ್ತದೆ. ನಿಖರತೆಯಲ್ಲಿ 992ರ ಸ್ಟೇರಿಂಗಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕಡಿಮೆಯಾದದ್ದು ಮೇಲೆ ಹೇಳಿದ ಆ ಮುನ್ಸೂಚನೆ.

ಆದರೆ ಎಲ್ಲ ದೂರನ್ನೂ ಸ್ಟೇರಿಂಗಿನ ಮೇಲೆ ಹೊರಿಸುವುದು ಸರಿಯಲ್ಲ, ಟಯರುಗಳನ್ನೂ ನೋಡಬೇಕು. 3.2ರ 16 ಇಂಚಿನ ಗಾಲಿಗಳಿಗೆ ಹಿಂದೆ 225 ಮಿ.ಮೀ ಅಗಲದ ಟಯರು, 992 ಕರೆರಾಕ್ಕೆ 295. ತೂಕ ಹಳೆಯದಕ್ಕೆ ಸುಮಾರು 1200 ಕೆ.ಜಿ., ಹೊಸದಕ್ಕೆ ಸುಮಾರು 1500. ಅಗಲವಾದ ಆಧುನಿಕ ಟಯರಿನ ಹಿಡಿತದ ಮಿತಿ ಎಷ್ಟು ಮೇಲಿದೆಯೆಂದರೆ, 100 ಕಿ.ಮೀ ಮಿತಿಯ ಜರ್ಮನಿಯ ಗ್ರಾಮಾಂತರ ರಸ್ತೆಯಲ್ಲಿ ನೀವು ಅದರ ಹತ್ತಿರ ಸುಳಿಯುವುದೂ ಅಪರೂಪ. 80ರಲ್ಲಿ ಅದು ಮೌನವಾಗಿರುವುದು ಸಹಜ, ಏಕೆಂದರೆ ಅದಕ್ಕೆ ಹೇಳಲು ಇನ್ನೂ ಏನೂ ಇಲ್ಲ. ಹಳೆಯ ಟಯರು ಅದೇ ವೇಗದಲ್ಲಿ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಬಳಸುತ್ತಿರುತ್ತದೆ, ಆದ್ದರಿಂದ ಮಾತಾಡುತ್ತದೆ. ನೀವು ಎರಡು ಕಾರುಗಳಲ್ಲಿ ಕಂಡ ವ್ಯತ್ಯಾಸದ ಮೂಲ ಇದು.

ಹಳೆಗೇರು ಅವರು ಹೇಳಿದ, ಕಾಲು ತೆಗೆದರೆ ಹಿಂಭಾಗ ಬೀಸುವ ಗುಣದ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಇದಕ್ಕೆ ಎಂಜಿನು ಹಿಂದಿರುವುದೊಂದೇ ಕಾರಣವಲ್ಲ. ಆ ಕಾಲದ 911ಗಳ ಹಿಂದಿನ ಸಸ್ಪೆನ್ಷನ್ನು ಸೆಮಿ ಟ್ರೇಲಿಂಗ್ ಆರ್ಮ್ ಮಾದರಿಯದು, ಅಂದರೆ ಪ್ರತಿ ಗಾಲಿಯನ್ನು ಓರೆಯಾದ ಒಂದು ತೋಳು ಹಿಡಿದಿರುವಂಥದು. ಕಾಲು ತೆಗೆದಾಗ ತೂಕ ಮುಂದಕ್ಕೆ ಸರಿದು ಹಿಂಭಾಗ ಮೇಲೇಳುತ್ತದೆ, ಆಗ ಹಿಂದಿನ ಗಾಲಿಗಳ ದಿಕ್ಕು ತುಸು ಬದಲಾಗಿ ಅವೇ ಕಾರನ್ನು ತಿರುಗಿಸತೊಡಗುತ್ತವೆ. ತಯಾರಕರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. 1969ರ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರವನ್ನು 57 ಮಿ.ಮೀ ಹೆಚ್ಚಿಸಿದರು, ಒಂದು ಬ್ಯಾಟರಿಯ ಬದಲು ಎರಡು ಸಣ್ಣ ಬ್ಯಾಟರಿಗಳನ್ನು ಮುಂಭಾಗದ ಎರಡೂ ಮೂಲೆಗಳಲ್ಲಿಟ್ಟು ತೂಕವನ್ನು ಮುಂದಕ್ಕೆ ತಂದರು. ಪೋರ್ಶೆಯದೇ ಇನ್ನೊಂದು ಕಾರಾದ 1977ರ 928ರಲ್ಲಿ, ಕಾಲು ತೆಗೆದಾಗ ಗಾಲಿಯ ದಿಕ್ಕು ತಾನಾಗಿ ಸರಿಹೋಗುವಂಥ ವೈಸಾಖ್ ಅಚ್ಚನ್ನು ಅಳವಡಿಸಿದರು. 911ಕ್ಕೆ ಪೂರ್ಣ ಪರಿಹಾರ ಸಿಕ್ಕಿದ್ದು 1993ರಲ್ಲಿ ಬಂದ 993ರ, ಗಾಲಿಯನ್ನು ಹಲವು ತೋಳುಗಳು ಹಿಡಿದಿರುವ ಮಲ್ಟಿಲಿಂಕ್ ಸಸ್ಪೆನ್ಷನ್ನಿನಿಂದ. ಏರ್‌ಕೂಲ್ಡ್ 911ಗಳಲ್ಲಿ ಕೊನೆಯದಾದ 993ರ ಬೆಲೆ ಇಷ್ಟು ಏರಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ: ಅದು ಹಳೆಯ ಎಂಜಿನಿನ ಧ್ವನಿಯನ್ನು ಉಳಿಸಿಕೊಂಡು, ಹಿಂಭಾಗದ ಭಯವನ್ನು ಕಳೆಯಿತು.

ನಿಮಗೆ ನನ್ನ ಸಲಹೆ ಹೀಗಿದೆ. ಕಾರಿನ ಹುಟ್ಟಿದ ವರ್ಷವನ್ನು ಮರೆತು ತೂಕ, ಟಯರಿನ ಅಗಲ, ಗೇರುಗಳ ಅನುಪಾತ ಈ ಮೂರನ್ನು ನೋಡಿ. ಸಾಮಾನ್ಯ ರಸ್ತೆಯ ವೇಗದಲ್ಲಿ ಕಾರು ಎಷ್ಟು ಮಾತಾಡುತ್ತದೆ ಎಂಬುದನ್ನು ಇವೇ ನಿರ್ಧರಿಸುತ್ತವೆ.

ಮಳೆಹಾದಿ:

ವಕ್ರಪಥ ಅವರ ವಿವರಣೆಯನ್ನು ಗೌರವದಿಂದ ಒಪ್ಪುತ್ತೇನೆ, ಆದರೂ ಹೊಸ ಕಾರಿನ ಪರವಾಗಿ ಯಾರಾದರೂ ಮನಸಾರೆ ಮಾತಾಡಬೇಕು. ನಾನು ಓಡಿಸುವುದು 718 ಜಿಟಿಎಸ್ 4.0, ಮ್ಯಾನ್ಯುವಲ್ ಗೇರಿನದು.

ಆಧುನಿಕ ಕಾರಿನಲ್ಲಿ ಅನುಭವ ಇಲ್ಲವೆಂಬ ಮಾತನ್ನು 992 ಒಂದನ್ನೇ ನೋಡಿ ಹೇಳಬಾರದು. ಈ 718ರಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರಿನ ಎಂಜಿನಿದೆ, ಅದು ಚಾಲಕನ ಬೆನ್ನ ಹಿಂದೆಯೇ, ಎರಡು ಅಚ್ಚುಗಳ ನಡುವೆ ಕುಳಿತಿದೆ. 400 ಅಶ್ವಶಕ್ತಿ, 1405 ಕೆ.ಜಿ., ನಿಮಿಷಕ್ಕೆ 7800 ಸುತ್ತುಗಳವರೆಗೆ ಏರುವ ಎಂಜಿನು. ಆಕ್ಸಿಲರೇಟರನ್ನು ಬೆರಳಿನಷ್ಟು ಒತ್ತಿದರೆ ಬೆರಳಿನಷ್ಟೇ ಉತ್ತರ ಬರುತ್ತದೆ, ಟರ್ಬೊ ತುಂಬುವುದನ್ನು ಕಾಯಬೇಕಾಗಿಲ್ಲ. ತೂಕ ನಡುವೆ ಇರುವುದರಿಂದ ಮೂತಿ ತಿರುಗಲು ಬ್ರೇಕಿನಿಂದ ಒಲಿಸಿಕೊಳ್ಳಬೇಕಾಗಿಲ್ಲ. ಸ್ಟೇರಿಂಗ್ ತಿರುಗಿಸಿದ ಕ್ಷಣವೇ ಇಡೀ ಕಾರು ನಿಮ್ಮ ಸೊಂಟದ ಸುತ್ತ ತಿರುಗಿದಂತೆ ಭಾಸವಾಗುತ್ತದೆ. ಗೇರು ಬದಲಿಸುವ ಕ್ರಿಯೆಯಂತೂ ನಾನು ಬಳಸಿದ ಕಾರುಗಳಲ್ಲೆಲ್ಲ ಅತ್ಯುತ್ತಮ.

ಅದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಗೇರುಗಳು ಬಹಳ ಉದ್ದ. ಎರಡನೆಯ ಗೇರಿನಲ್ಲಿಯೇ ಅದು ಸುಮಾರು 130 ಕಿ.ಮೀ ಮುಟ್ಟುತ್ತದೆ, 3.2 ಕರೆರಾ ಎರಡನೆಯ ಗೇರಿನಲ್ಲಿ 100ರ ಆಸುಪಾಸಿಗೆ ನಿಲ್ಲುತ್ತದೆ. ಹೀಗಾಗಿ ಎಂಜಿನಿನ ಅತ್ಯಂತ ಸುಂದರವಾದ ಭಾಗವನ್ನು ನಮ್ಮ ರಸ್ತೆಗಳಲ್ಲಿ ಒಂದೇ ಗೇರಿನಲ್ಲಿ ಸವಿಯಬೇಕು. ಯುರೋಪಿನ ಕಾರುಗಳಲ್ಲಿ ಪೆಟ್ರೋಲ್ ಕಣಗಳನ್ನು ಸೋಸುವ ಫಿಲ್ಟರಿನಿಂದಾಗಿ ಧ್ವನಿಯೂ ಸ್ವಲ್ಪ ಮಂಕಾಗಿದೆ.

ಆದರೆ ನೀವು ಆಲ್ಪ್ಸ್ ಎಂದಿರಿ, ಮಗಳು ಎಂದಿರಿ. ಈ ಎರಡು ಮಾತುಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆಲ್ಪ್ಸ್‌ನ ಸ್ಟೆಲ್ವಿಯೊ ಕಣಿವೆದಾರಿ 2757 ಮೀಟರ್ ಎತ್ತರದಲ್ಲಿದೆ, ಪ್ರಾಟೊ ಊರಿನ ಕಡೆಯಿಂದ ಏರುವಾಗ 48 ಹೇರ್‌ಪಿನ್ ತಿರುವುಗಳಿವೆ. ಕೆಳಗೆ ಬಿಸಿಲಿದ್ದು ಮೇಲೆ ಮಂಜು, ಮಳೆ, ಕೆಲವೊಮ್ಮೆ ಆಲಿಕಲ್ಲು ಸಿಗುವುದು ಅಲ್ಲಿ ಸಾಮಾನ್ಯ. ಒದ್ದೆಯಾದ ಇಳಿಜಾರಿನಲ್ಲಿ, ಎದುರಿನಿಂದ ಬಸ್ಸು ಬಂದಾಗ, ತಿರುವಿನ ನಡುವೆಯೇ ಬ್ರೇಕು ಹಾಕಬೇಕಾಗುತ್ತದೆ; ಹಳೆಯ 911ರಲ್ಲಿ ಅದನ್ನೇ ಮಾಡಬಾರದು ಎಂದು ಹಳೆಗೇರು ಅವರೇ ಎಚ್ಚರಿಸಿದ್ದಾರೆ. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ, ಕಾರು ಅಡ್ಡಕ್ಕೆ ಜಾರದಂತೆ ತಡೆಯುವ ಇಎಸ್‌ಪಿ 1995ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಮೊದಲು ಬಂದವು. ಅವು ಬಂದದ್ದೇ ಇಂಥ ಗಳಿಗೆಗಾಗಿ. 992ರಲ್ಲಂತೂ ಮುಂದಿನ ಗಾಲಿಗೂಡುಗಳಲ್ಲಿರುವ ಸಂವೇದಕಗಳು ನೀರು ಚಿಮ್ಮುವ ಸದ್ದನ್ನು ಕೇಳಿಸಿಕೊಂಡು, ರಸ್ತೆ ಒದ್ದೆಯಾಗಿದೆ, ಎಚ್ಚರವಿರಲಿ ಎಂದು ಚಾಲಕನಿಗೆ ತಿಳಿಸುತ್ತವೆ.

ಯಂತ್ರವನ್ನು ಸಂಭಾಳಿಸುವುದರಲ್ಲಿ ವ್ಯಯವಾಗದ ಗಮನವನ್ನು ನಾನು ರಸ್ತೆಗೆ, ನೋಟಕ್ಕೆ, ಪಕ್ಕದಲ್ಲಿ ಕುಳಿತವರ ಮಾತಿಗೆ ಕೊಡುತ್ತೇನೆ. ನನ್ನ ಪಾಲಿಗೆ ಅದೂ ಓಡಿಸುವ ಸಂತೋಷದ ಭಾಗ.

ಹಳೆಗೇರು:

ಮಳೆಹಾದಿ ಅವರ ಮಾತಿನಲ್ಲಿ ಸತ್ಯವಿದೆ. ಮಳೆಯಲ್ಲಿ ನಾನು ಬಹಳ ನಿಧಾನವಾಗಿ ಹೋಗುತ್ತೇನೆ, ಘಟ್ಟ ಇಳಿಯುವಾಗ ಮುಂದಿನ ವಾಹನದಿಂದ ದೂರ ಉಳಿಯುತ್ತೇನೆ. ಎದುರಿನಿಂದ ಬರುವುದು ಕಾಣದ ತಿರುವಿಗೆ, ಒಳಗೆ ನಿಲ್ಲಿಸಬೇಕಾಗಿ ಬಂದರೂ ಕಷ್ಟವಾಗದಷ್ಟು ಕಡಿಮೆ ವೇಗದಲ್ಲಿ ಪ್ರವೇಶಿಸುವುದು ಈ ಕಾರಿನ ಚಾಲಕನಿಗೆ ಅಭ್ಯಾಸವಾಗಿ ಬಿಡಬೇಕು. ಅಪಘಾತವೇ ಆದರೆ 1980ರ ದಶಕದ ಕಾರು ಇಂದಿನ ಕಾರಿನಷ್ಟು ರಕ್ಷಣೆ ಕೊಡುವುದಿಲ್ಲ ಎಂಬುದನ್ನು ಕುಟುಂಬದೊಂದಿಗೆ ಮೊದಲೇ ಮಾತಾಡಿಕೊಂಡು ಕೊಳ್ಳುವುದು ಒಳ್ಳೆಯದು. ನಾವು ಮಾತಾಡಿಕೊಂಡೇ ಕೊಂಡೆವು.

ಕಿರುದಾರಿ:

ಪೋರ್ಶೆಯ ಹೊರಗಿನಿಂದ ಒಂದು ಸೂಚನೆ. ವಕ್ರಪಥ ಅವರು ಹೇಳಿದ ತೂಕದ ವಿಚಾರವನ್ನು ಪೂರ್ಣವಾಗಿ ಪಾಲಿಸಿರುವ ಇಂದಿನ ಕಾರುಗಳು ಕೆಲವೇ ಇವೆ. ಮಾಜ್ಡಾದ ಎಂಎಕ್ಸ್-5 1989ರಲ್ಲಿ ಬಂದಾಗ ಒಂದು ಟನ್ನಿಗಿಂತ ಕಡಿಮೆಯಿತ್ತು. 2015ರಲ್ಲಿ ಬಂದ ನಾಲ್ಕನೆಯ ಪೀಳಿಗೆ ಎಲ್ಲ ಸುರಕ್ಷತಾ ನಿಯಮಗಳನ್ನು ಪಾಲಿಸಿಯೂ ಒಂದು ಟನ್ನಿನ ಆಸುಪಾಸಿನಲ್ಲೇ ಉಳಿಯಿತು. ಇದನ್ನು ನಾನು ಈ ಕಾಲದ ದೊಡ್ಡ ಎಂಜಿನಿಯರಿಂಗ್ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಫ್ರಾನ್ಸಿನ ದಿಯೆಪ್‌ನಲ್ಲಿ ತಯಾರಾದ ಹೊಸ ಆಲ್ಪೀನ್ ಎ110 ಕೂಡ ಅಲ್ಯುಮಿನಿಯಂ ದೇಹದಿಂದಾಗಿ 1100 ಕೆ.ಜಿ. ಸುತ್ತಮುತ್ತ ತೂಗುತ್ತದೆ. ಮೃದುವಾದ ಸ್ಪ್ರಿಂಗುಗಳ ಮೇಲೆ ಅದು ಕೆಟ್ಟ ರಸ್ತೆಯಲ್ಲಿ ತೇಲಿದಂತೆ ಹೋಗುವುದನ್ನು ಒಮ್ಮೆ ಅನುಭವಿಸಿ ನೋಡಿ. ಅದರಲ್ಲಿ ಮ್ಯಾನ್ಯುವಲ್ ಗೇರು ಇಲ್ಲ ಎಂಬುದೊಂದೇ ನನ್ನ ದುಃಖ.

ನೆಕ್ಕರ್‌ತೀರ:

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. 80 ಕಿ.ಮೀ ವೇಗದ ಆ ತಿರುವಿನಲ್ಲಿ ನನಗೆ ಅನ್ನಿಸಿದ್ದಕ್ಕೆ ಟಯರಿನಲ್ಲೇ ಉತ್ತರವಿದೆ ಎಂದು ತಿಳಿದು ಬಹಳ ಸಮಾಧಾನವಾಯಿತು. 992 ಅನ್ನು ಪಟ್ಟಿಯಿಂದ ತೆಗೆದಿದ್ದೇನೆ. ಅದು ಶ್ರೇಷ್ಠವಾದ ಕಾರು, ಆದರೆ ಅದರ ಶ್ರೇಷ್ಠತೆ ನಾನು ಓಡಾಡುವ ರಸ್ತೆಗಳಿಗಿಂತ ಮೇಲಿನದು. ಈಗ ಉಳಿದದ್ದು 3.2 ಮತ್ತು 718. ಮನಸ್ಸು ಹಳೆಯದರ ಕಡೆ ವಾಲುತ್ತಿದೆ, ಆದರೆ ಕೊಳ್ಳುವ ಮುನ್ನ ಏನೇನು ಪರೀಕ್ಷಿಸಬೇಕು, ವರ್ಷದ ನಿರ್ವಹಣೆ ಹೇಗಿರುತ್ತದೆ ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಬಿಸಿಎಣ್ಣೆ:

ಏರ್‌ಕೂಲ್ಡ್ 911ಗಳ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

3.2ರ ಎಂಜಿನು ಆ ಸರಣಿಯ ಅತ್ಯಂತ ಗಟ್ಟಿ ಎಂಜಿನುಗಳಲ್ಲಿ ಒಂದು. ಹಿಂದಿನ ಮಾದರಿಗಳಲ್ಲಿ ತೊಂದರೆ ಕೊಡುತ್ತಿದ್ದ, ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರುಗಳು ಇದರಲ್ಲಿ ಎಂಜಿನ್ ಆಯಿಲಿನ ಒತ್ತಡದಿಂದ ಕೆಲಸ ಮಾಡುತ್ತವೆ, ಆ ಚಿಂತೆ ಹೋಯಿತು. ಇಂಧನ ಮತ್ತು ಇಗ್ನಿಷನ್ ಎರಡನ್ನೂ ಬಾಷ್ ಮೋಟ್ರಾನಿಕ್ ನಿಯಂತ್ರಿಸುವುದರಿಂದ ತಣ್ಣಗಿದ್ದಾಗಲೂ ಸಲೀಸಾಗಿ ಹತ್ತಿಕೊಳ್ಳುತ್ತದೆ. ಆ ವ್ಯವಸ್ಥೆಗೆ ವಿದ್ಯುತ್ ಕೊಡುವ ಡಿಎಂಇ ರಿಲೇ ಎಂಬ ಸಣ್ಣ ಭಾಗವೊಂದು ಆಸನದ ಕೆಳಗಿದೆ. ಅದು ಕೆಟ್ಟರೆ ಕಾರು ಅಲ್ಲೇ ನಿಲ್ಲುತ್ತದೆ. ಕೊಂಡ ದಿನವೇ ಹೊಸದೊಂದನ್ನು ಹಾಕಿಸಿ, ಇನ್ನೊಂದನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಬೆಲೆ ಹೆಚ್ಚಲ್ಲ, ಬದಲಿಸಲು ನಿಮಿಷಗಳು ಸಾಕು.

ಸವೆಯುವುದು ವಾಲ್ವ್ ಗೈಡುಗಳು, ಅಂದರೆ ವಾಲ್ವುಗಳ ಕಾಂಡ ಹಿಂದೆ ಮುಂದೆ ಸರಿಯುವ ಕೊಳವೆಗಳು. ಅವು ಸವೆದರೆ ಆಯಿಲ್ ಸುಡುತ್ತದೆ, ದುರಸ್ತಿಗೆ ಸಿಲಿಂಡರ್ ಹೆಡ್ಡುಗಳನ್ನು ಬಿಚ್ಚಬೇಕಾಗುತ್ತದೆ, ಖರ್ಚು ದೊಡ್ಡದು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಖರ್ಚಾದರೆ ಗಾಬರಿಯಾಗಬೇಡಿ. ಅದಕ್ಕಿಂತ ಬಹಳ ಹೆಚ್ಚಾದರೆ ಯೋಚಿಸಿ. ಆಯಿಲ್ ಮಟ್ಟ ನೋಡುವ ಕ್ರಮವನ್ನೂ ಕಲಿಯಬೇಕು: ಎಂಜಿನು ಪೂರ್ತಿ ಬಿಸಿಯಾಗಿ, ಸಮತಟ್ಟು ನೆಲದಲ್ಲಿ, ಐಡ್ಲಿಂಗಿನಲ್ಲಿ ಓಡುತ್ತಿರುವಾಗ ಮಾತ್ರ ಕಡ್ಡಿಯ ಅಳತೆ ಸರಿ. ತಣ್ಣಗಿದ್ದಾಗ ನೋಡಿ, ಕಡಿಮೆಯಿದೆಯೆಂದು ತುಂಬಿಸಿದರೆ ಹೆಚ್ಚಾಗಿ ಉಕ್ಕಿ ಹೊಗೆ ಬರುತ್ತದೆ. ವಾಲ್ವುಗಳ ಸಂದನ್ನು ಪ್ರತಿ 20ರಿಂದ 25 ಸಾವಿರ ಕಿಲೋಮೀಟರಿಗೆ, ಎಂಜಿನು ಪೂರ್ತಿ ತಣ್ಣಗಿರುವಾಗ, ಹನ್ನೆರಡಕ್ಕೂ 0.1 ಮಿ.ಮೀ ಇರುವಂತೆ ಹೊಂದಿಸಬೇಕು. ಕ್ಲಚ್ಚು ಬದಲಿಸುವುದಾದರೆ ಎಂಜಿನನ್ನು ಕೆಳಗಿಳಿಸಬೇಕಾಗುತ್ತದೆ, ಆದ್ದರಿಂದ ಅದನ್ನು ಯಾವಾಗ ಬದಲಿಸಿದ್ದಾರೆಂಬ ರಸೀದಿಯನ್ನು ಕೇಳಿ ನೋಡಿ.

ಎಂಜಿನಿಗಿಂತಲೂ ನಾನು ಹೆಚ್ಚು ಹೆದರುವುದು ತುಕ್ಕಿಗೆ. 1976ರ ಮಾದರಿಯಿಂದ ದೇಹದ ಉಕ್ಕಿಗೆ ಸತುವಿನ ಲೇಪನವಿದೆ, ಆದರೂ ಬಾಗಿಲು ಬೀಗ ಹಾಕಿಕೊಳ್ಳುವ ಕಂಬದ ಬುಡ, ಬಾಗಿಲ ಕೆಳಗಿನ ಸಿಲ್ಲುಗಳು, ಮುಂದಿನ ಮತ್ತು ಹಿಂದಿನ ಗಾಜಿನ ಅಂಚು ಇಲ್ಲೆಲ್ಲ ತುಕ್ಕು ಒಳಗೊಳಗೇ ಬೆಳೆದಿರುತ್ತದೆ. ಹೊಳೆಯುವ ಹೊಸ ಬಣ್ಣಕ್ಕಿಂತ ಅಲ್ಲಲ್ಲಿ ಮಾಸಿದ ಮೂಲ ಬಣ್ಣದ ಕಾರನ್ನೇ ನಾನು ಹೆಚ್ಚು ನಂಬುತ್ತೇನೆ. ಟಯರುಗಳ ಮೇಲಿನ ತಯಾರಿಕೆಯ ವಾರ ಮತ್ತು ವರ್ಷವನ್ನು ಓದಿ. ಕಡಿಮೆ ಓಡಿದ ಕಾರುಗಳಲ್ಲಿ ಆಳವಾದ ಗೆರೆಗಳಿದ್ದೂ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಅಂಥ ಟಯರೇ ದೊಡ್ಡ ಅಪಾಯ. ಮಳೆಹಾದಿ ಅವರ ಭಯದ ಅರ್ಧಭಾಗ ಹೊಸ ಟಯರುಗಳಿಂದ ಕಡಿಮೆಯಾಗುತ್ತದೆ. ಪಿರೆಲ್ಲಿ ಕಂಪನಿ ಹಳೆಯ ಅಳತೆಗಳಲ್ಲಿ ಈಗಲೂ ಟಯರು ಮಾಡುತ್ತದೆ.

ಖರ್ಚಿನ ಕಡೆಯಲ್ಲಿ ಜರ್ಮನಿಯ ಕಾನೂನು ನಿಮಗೆ ಅನುಕೂಲವಾಗಿದೆ. 30 ವರ್ಷ ದಾಟಿ ಮೂಲ ಸ್ಥಿತಿಯಲ್ಲಿರುವ ಕಾರಿಗೆ ಎಚ್ ಅಕ್ಷರದ ನಂಬರ್ ಪ್ಲೇಟು ಸಿಗುತ್ತದೆ, ಎಂಜಿನು ಎಷ್ಟೇ ದೊಡ್ಡದಿದ್ದರೂ ವಾರ್ಷಿಕ ತೆರಿಗೆ 191.73 ಯೂರೊ. ಸ್ಟುಟ್‌ಗಾರ್ಟ್‌ನ ಹೊಗೆ ನಿಯಂತ್ರಿತ ವಲಯದೊಳಕ್ಕೂ ಅದಕ್ಕೆ ಪ್ರವೇಶವಿದೆ.

ಕಾರು ನೋಡಲು ಹೋಗುವ ಮುನ್ನ ಮಾರುವವರಿಗೆ ಕರೆಮಾಡಿ, ಎಂಜಿನನ್ನು ಮೊದಲೇ ಬಿಸಿಮಾಡಿ ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಹಚ್ಚಿದಾಗ ಸ್ವಲ್ಪ ಹೊಗೆ ಬಂದು ನಿಂತರೆ ಸಹಜ, ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಬಿಟ್ಟುಬಿಡಿ. ಆಯಿಲ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ, ಗೇರ್‌ಬಾಕ್ಸು ತಣ್ಣಗಿದ್ದಾಗಲೂ ಬೆಚ್ಚಗಾದಾಗಲೂ ಎರಡನೆಯ ಗೇರು ಹೇಗೆ ಬೀಳುತ್ತದೆಂದು ಗಮನಿಸಿ. ಮೆಚ್ಚಿಗೆಯಾದರೆ, ಮುಂಗಡ ಕೊಡುವ ಮೊದಲು ಏರ್‌ಕೂಲ್ಡ್ ಎಂಜಿನು ಬಲ್ಲ ಕಾರ್ಯಾಗಾರದಲ್ಲಿ ಲೀಕ್‌ಡೌನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನಿಂದ ಎಷ್ಟು ಗಾಳಿ ಸೋರುತ್ತದೆಂಬ ಅಳತೆ, ಮಾಡಿಸಿ. ಆರು ಸಿಲಿಂಡರುಗಳ ಅಂಕಿಗಳು ಕಡಿಮೆಯಿರಬೇಕು, ಅದಕ್ಕಿಂತ ಮುಖ್ಯವಾಗಿ ಒಂದಕ್ಕೊಂದು ಹತ್ತಿರವಿರಬೇಕು. ವರದಿ ಕೈಸೇರಿದ ಮೇಲೆ ಆ ಅಂಕಿಗಳನ್ನು ಇಲ್ಲಿ ಬರೆದರೆ ನೋಡಿ ಹೇಳುತ್ತೇನೆ.